ಮೊದಲ ಮೂರು ದಿನ ರೇಸ್ ಬೇಡ: ಕಲಬುರಗಿಯಲ್ಲಿ ಗಾಡಿ ಕಲಿಸುವ ನನ್ನ ಪದ್ಧತಿ

ಗೇರ್ ಇರುವ ಬೈಕ್ ಕಲಿಯಲು ಬಂದವರಿಗೆ ಮೊದಲ ಮೂರು ದಿನ ನಾನು ರೇಸ್ ಕೊಡಲು, ಅಂದರೆ ಎಕ್ಸಲೇಟರ್ ತಿರುಗಿಸಲು ಬಿಡುವುದಿಲ್ಲ. ಬಲಗೈ ಸುಮ್ಮನೆ ಹ್ಯಾಂಡಲ್ ಹಿಡಿದಿರಬೇಕು, ಕೆಲಸವೆಲ್ಲ ಕ್ಲಚ್ ಲಿವರ್ ಹಿಡಿಯುವ ಎಡಗೈಯದು. ಸೈಕಲ್ ಬಂದವರಿಗೆ ಬ್ಯಾಲೆನ್ಸ್ ಇದ್ದೇ ಇರುತ್ತದೆ, ಆದರೂ ಬೀಳುತ್ತಾರೆ. ಕ್ಲಚ್ ಒಮ್ಮೆಲೇ ಬಿಟ್ಟಾಗ ಗಾಡಿ ಮುಂದಕ್ಕೆ ಜಿಗಿಯುತ್ತದೆ, ಗಾಬರಿಯಲ್ಲಿ ಹ್ಯಾಂಡಲ್ ಬಿಗಿ ಹಿಡಿಯುತ್ತಾರೆ, ಆ ಬಿಗಿತದಲ್ಲೇ ಎಕ್ಸಲೇಟರ್ ಇನ್ನಷ್ಟು ತಿರುಗುತ್ತದೆ. ಕ್ಲಚ್ ಕೈಗೆ ಕುಳಿತವರಿಗೆ ಈ ಗಾಬರಿಯೇ ಬರುವುದಿಲ್ಲ.

ಕಲಿಯಲು ಗಟ್ಟಿ ನೆಲ ಬೇಕು. ರಿಂಗ್ ರೋಡ್ ಆಚೆ ರಸ್ತೆ ಹಾಕಿ ಮನೆ ಏಳದ ಹೊಸ ಲೇಔಟ್‌ಗಳು ಇದಕ್ಕೆ ಚೆನ್ನಾಗಿವೆ. ಮಣ್ಣಿನ ಮೈದಾನದಲ್ಲಿ ಬಿದ್ದರೆ ಪೆಟ್ಟಾಗದು ಎಂದು ಅಲ್ಲಿಗೆ ಕರೆದೊಯ್ಯುವವರಿದ್ದಾರೆ, ಆದರೆ ಸಡಿಲ ಮಣ್ಣು, ಗರಸಿನ ಮೇಲೆ ಮುಂದಿನ ಚಕ್ರ ಜಾರುವುದೇ ಹೆಚ್ಚು. ಏಪ್ರಿಲ್, ಮೇ ತಿಂಗಳಾದರೆ ಬೆಳಗ್ಗೆ ಆರರಿಂದ ಎಂಟರೊಳಗೆ ಮುಗಿಸಿ. ಬಿಸಿಲು 42 ಡಿಗ್ರಿ ದಾಟುವ ಊರಲ್ಲಿ ಹತ್ತು ಗಂಟೆಗೆ ಹೆಲ್ಮೆಟ್ ಒಳಗೆ ತಲೆ ಓಡುವುದಿಲ್ಲ. ಹಾಗಂತ ಹೆಲ್ಮೆಟ್ ಬಿಟ್ಟು ಕಲಿಯುವಂತಿಲ್ಲ. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇರಲಿ. ಪಟ್ಟಿ ಕಟ್ಟಿದ ಮೇಲೆ ಗದ್ದದ ಕೆಳಗೆ ಎರಡು ಬೆರಳಷ್ಟೇ ಹಿಡಿಯಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು.

ಮೊದಲ ದಿನ ಎಂಜಿನ್ ಚಾಲೂ ಮಾಡುವುದಿಲ್ಲ. ಡಬಲ್ ಸ್ಟ್ಯಾಂಡ್ ಹಾಕುವುದು, ತೆಗೆಯುವುದು, ನ್ಯೂಟ್ರಲ್‌ನಲ್ಲಿ ಎಡಬದಿ ನಿಂತು ಗಾಡಿ ತಳ್ಳಿಕೊಂಡು ಎರಡೂ ಕಡೆ ಸುತ್ತು ಹೊಡೆಸುವುದು, ಅಷ್ಟೇ. ಗಾಡಿ ಎಷ್ಟು ವಾಲಿದರೆ ಕೈ ಮೀರುತ್ತದೆ ಎಂದು ಆಗ ಮೈಗೆ ಗೊತ್ತಾಗುತ್ತದೆ. ಇನ್ನೊಂದು ಮುಖ್ಯ ಸಂಗತಿಯೂ ಇಲ್ಲೇ ಗೊತ್ತಾಗುತ್ತದೆ: ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ನಡಿಗೆಯ ವೇಗದಲ್ಲೂ ಗಾಡಿ ಒಳಗಡೆಗೆ ಕೂರುತ್ತದೆ. ಹ್ಯಾಂಡಲ್ ನೇರ ಮಾಡಿಕೊಂಡೇ ಮುಂದಿನ ಬ್ರೇಕ್ ಮುಟ್ಟಬೇಕು.

ಎರಡನೇ ದಿನ ಕ್ಲಚ್. ಎಂಜಿನ್ ಚಾಲೂ ಮಾಡಿ, ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರಿ, ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಗೇರ್ ಹಾಕಿ. ಈಗ ಲಿವರ್ ಅನ್ನು ಕೂದಲೆಳೆಯಷ್ಟೇ ಬಿಡುತ್ತ ಬನ್ನಿ. ಒಂದು ಜಾಗದಲ್ಲಿ ಎಂಜಿನ್ ಸದ್ದು ತಗ್ಗುತ್ತದೆ, ಗಾಡಿ ಮುಂದಕ್ಕೆ ತುಯ್ಯುತ್ತದೆ. ಕ್ಲಚ್ ಕಚ್ಚುವ ಜಾಗ ಅದೇ. “ಅಲ್ಲೇ ಹಿಡಿ ತಮ್ಮಾ, ಪೂರಾ ಬಿಡಬ್ಯಾಡ” ಎಂದು ನಾನು ಹೇಳುವುದು ಆ ಗಳಿಗೆಯಲ್ಲಿ. ತಿರುಗಿ ಒತ್ತಿ, ಮತ್ತೆ ಬಿಡಿ. ಇಪ್ಪತ್ತು ಸಲ ಮಾಡಿದ ಮೇಲೆ ನಾಲ್ಕೈದು ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಕಾಯುತ್ತದೆ, ಎಡಗೈಯೂ ಸೋಲುತ್ತದೆ. 100 ಸಿಸಿ ಗಾಡಿ ಸಪಾಟು ನೆಲದಲ್ಲಿ ರೇಸ್ ಇಲ್ಲದೆಯೇ, ಐಡ್ಲಿಂಗ್‌ನಲ್ಲೇ ಹೊರಡುತ್ತದೆ. ಹೊರಡದೆ ಬಂದ್ ಬಿದ್ದರೆ ಲಿವರ್ ಬೇಗ ಬಿಟ್ಟಿದ್ದೀರಿ, ಇಲ್ಲವೇ ಹಳೆ ಕಾರ್ಬೊರೇಟರ್ ಗಾಡಿಯ ಐಡ್ಲಿಂಗ್ ತೀರಾ ಕಡಿಮೆ ಇದೆ. ಕಲಿಯುವ ಗಾಡಿಯ ಕ್ಲಚ್ ಕೇಬಲ್ ಮೊದಲೇ ನೋಡಿಕೊಳ್ಳಿ: ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ ಸಡಿಲ ಇರಬೇಕು. ಸಡಿಲ ಹೆಚ್ಚಾದರೆ ಗೇರ್ ಕಟಕಟ ಎಂದು ಕೂರುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಕಲಿಯುವವರು ತಪ್ಪು ತಮ್ಮದೆಂದು ಸುಮ್ಮನೆ ಕೊರಗುತ್ತಾರೆ.

ಮೂರನೇ ದಿನ ಇಪ್ಪತ್ತೈದು ಮೀಟರ್ ನೇರ ಹೋಗಿ ನಿಲ್ಲುವುದು. ಕಣ್ಣು ಚಕ್ರದ ಮೇಲೆ ಬೇಡ, ದೂರದ ಕಂಬದ ಮೇಲಿರಲಿ. ಇದು ಸಲೀಸಾದ ಮೇಲೆಯೇ ರೇಸ್. ಬಲ ಮಣಿಕಟ್ಟು ಬೆರಳ ಗೆಣ್ಣುಗಳಿಗಿಂತ ಕೆಳಗಿರುವಂತೆ ಹಿಡಿಸುತ್ತೇನೆ. ಮಣಿಕಟ್ಟು ಮೇಲೆದ್ದಿದ್ದರೆ ಪ್ರತಿ ಕುಲುಕಾಟಕ್ಕೂ ಎಕ್ಸಲೇಟರ್ ತಾನೇ ತಿರುಗುತ್ತದೆ. 100 ಸಿಸಿ ಗಾಡಿಯಲ್ಲಿ ವೇಗ ಗಂಟೆಗೆ ಸುಮಾರು 15 ಕಿ.ಮೀ ಆದಾಗ ಸೆಕೆಂಡ್, 25ಕ್ಕೆ ಥರ್ಡ್, 40ರ ಹತ್ತಿರ ಫೋರ್ತ್ ಹಾಕಿದರೆ ಎಂಜಿನ್ ನರಳುವುದಿಲ್ಲ. ಸ್ಪ್ಲೆಂಡರ್‌ನಲ್ಲಿ ಗೇರ್ ಎಲ್ಲವೂ ಮುಂಗಾಲಿನಿಂದ ಕೆಳಗೆ ಒತ್ತುವುದು, ಪಲ್ಸರ್‌ನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಒಂದರಲ್ಲಿ ಕಲಿತು ಇನ್ನೊಂದನ್ನು ಹತ್ತಿದಾಗ ಕಾಲು ಹಳೆ ಅಭ್ಯಾಸಕ್ಕೇ ಹೋಗುತ್ತದೆ. ಮೇಲಿನ ಗೇರ್ ಹಾಕಲು ಹೋಗಿ ಕೆಳಗಿನದು ಬಿದ್ದರೆ ಹಿಂದಿನ ಚಕ್ರ ಒಮ್ಮೆಲೇ ತಡೆದಂತಾಗುತ್ತದೆ. ಗಾಡಿ ಬದಲಿಸಿದ ದಿನ ಮತ್ತೆ ಖಾಲಿ ರಸ್ತೆಗೇ ಹೋಗಿ.

ಬ್ರೇಕ್‌ಗೆ ಒಂದು ಇಡೀ ಬೆಳಗು ಬೇಕು. “ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ” ಎಂದು ಹೆದರಿಸಿ ಕಲಿಸಿದವರು ಹಿಂದಿನ ಬ್ರೇಕ್ ಒಂದನ್ನೇ ತುಳಿಯುತ್ತಾರೆ. ಬ್ರೇಕ್ ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಾಗಾಗಿ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನದರಲ್ಲೇ ಇದೆ. ಎರಡನ್ನೂ ಸೇರಿಸಿ, ಮುಂದಿನದನ್ನು ಎಳೆಯದೆ ಹಿಂಡುತ್ತ ಹೋಗಬೇಕು. ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು, ಗಂಟೆಗೆ 20 ಕಿ.ಮೀ ವೇಗದಲ್ಲಿ ಬಂದು ಗೆರೆಯಿಂದ ಎಷ್ಟು ದೂರ ನಿಂತಿತೆಂದು ಅಳೆಯಿಸುತ್ತೇನೆ. ಒಣ ಡಾಂಬರಿನಲ್ಲಿ ಹದವಾಗಿ ಹಿಡಿದರೆ 20ರಲ್ಲಿ ಸುಮಾರು 3 ಮೀಟರ್, 40ರಲ್ಲಿ 12, 60ರಲ್ಲಿ 28. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಕಂಡು ಕೈ ಹಾಕುವ ಹೊತ್ತಿಗೆ ಒಂದು ಸೆಕೆಂಡ್ ಕಳೆದರೆ 60ರಲ್ಲಿ ಇನ್ನೂ 17 ಮೀಟರ್ ಸೇರಿಸಿಕೊಳ್ಳಿ.

2019ರ ಏಪ್ರಿಲ್ ನಂತರದ ಗಾಡಿಗಳಲ್ಲಿ 125 ಸಿಸಿವರೆಗೆ ಕನಿಷ್ಠ ಸಿಬಿಎಸ್, ಅದರ ಮೇಲೆ ಎಬಿಎಸ್ ಇರುತ್ತದೆ. ಸಿಬಿಎಸ್ ಹಿಂದಿನ ಬ್ರೇಕ್ ತುಳಿದಾಗ ಮುಂದಿನದನ್ನೂ ಸ್ವಲ್ಪ ಹಿಡಿಯುತ್ತದೆ, ಆದರೆ ಚಕ್ರ ಲಾಕ್ ಆಗುವುದನ್ನು ತಪ್ಪಿಸುವುದಿಲ್ಲ. ಅದು ಎಬಿಎಸ್ ಕೆಲಸ. ಕಡಿಮೆ ಬೆಲೆಯ ಎಷ್ಟೋ ಗಾಡಿಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ.

ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಇಳಿಸಬೇಡಿ. 8ರ ಆಕಾರದಲ್ಲಿ ಎಂಟು ಹಾಕುವಾಗ ಹಾಫ್ ಕ್ಲಚ್ (ಕಚ್ಚುವ ಜಾಗದಲ್ಲೇ ಹಿಡಿದ ಕ್ಲಚ್), ಸ್ವಲ್ಪ ರೇಸ್, ಹಿಂದಿನ ಬ್ರೇಕ್ ಹಗುರಾಗಿ, ಈ ಮೂರೂ ಒಟ್ಟಿಗೆ. ಮುಖ ಹೋಗಬೇಕಾದ ಕಡೆಗೆ ಪೂರ್ತಿ ತಿರುಗಿರಬೇಕು. ಆರ್‌ಟಿಒ ಪರೀಕ್ಷೆಯಲ್ಲಿ ಕಾಲು ಊರದೆ ಎಂಟು ಮುಗಿಸಲು ಇಷ್ಟೇ ಸಾಕು. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಇನ್ನು ನಮ್ಮ ರಸ್ತೆಗಳು. ಹಳೆ ಓಣಿಗಳ ಶಹಾಬಾದ್ ಫರ್ಸಿ ಕಲ್ಲು ಸವೆದು ನುಣುಪಾಗಿರುತ್ತದೆ, ಮನೆ ಮುಂದೆ ನೀರು ಚೆಲ್ಲಿದ್ದರೆ ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳ ದೂಳು ರಸ್ತೆ ಅಂಚಿನಲ್ಲಿ ಕೂತಿರುತ್ತದೆ. ಲಾರಿಗೆ ದಾರಿ ಬಿಡಲು ಅಂಚಿಗೆ ಇಳಿಯುವಾಗ ಮೊದಲು ವೇಗ ತಗ್ಗಿಸಿ, ಗಾಡಿ ನೇರ ಇಟ್ಟುಕೊಂಡು ಇಳಿಯಿರಿ. ಆ ಕಡೆ ದಿನಾ ಓಡಾಡುವವರು ಏರ್ ಫಿಲ್ಟರನ್ನು ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಬೇಕು.

ಮಳೆ ಶುರುವಾದಾಗ ಟ್ರ್ಯಾಕ್ಟರ್ ಚಕ್ರಗಳು ಹೊಲದ ಎರೆಮಣ್ಣನ್ನು ಡಾಂಬರಿಗೆ ತರುತ್ತವೆ. ಹನಿ ಬಿದ್ದರೆ ಅದು ಸಾಬೂನಿನಂತೆ ಜಾರುತ್ತದೆ. ಹೊಲದ ದಾರಿಯಲ್ಲೇ ಹೋಗಬೇಕಾಗಿ ಬಂದರೆ ಎರೆಮಣ್ಣು ಮಡ್‌ಗಾರ್ಡ್ ಮತ್ತು ಟೈರ್ ನಡುವೆ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ರೇಸ್ ಕೊಟ್ಟು ಎಳೆಸಿದರೆ ಕ್ಲಚ್ ಪ್ಲೇಟ್ ಸುಡುತ್ತದೆ, ಚಕ್ರ ಮಾತ್ರ ಬಿಡಿಸಿಕೊಳ್ಳುವುದಿಲ್ಲ. ಎಂಜಿನ್ ನಿಲ್ಲಿಸಿ ಕಟ್ಟಿಗೆಯಿಂದ ಮಣ್ಣು ಕೆದರಿ ತೆಗೆಯುವುದೊಂದೇ ದಾರಿ. ರಾಶಿ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಜೋಳ, ತೊಗರಿ ಕಟ್ಟಿಗೆ ಕಂಡರೆ ಅದನ್ನು ಮುಟ್ಟುವ ಮೊದಲೇ ಬ್ರೇಕ್ ಮುಗಿದಿರಬೇಕು.

ಎಲ್ಲಕ್ಕಿಂತ ನನಗೆ ಭಯವಿರುವುದು ರಾತ್ರಿಯ ಕಬ್ಬಿನ ಟ್ರ್ಯಾಕ್ಟರ್‌ಗಳದು. ಆಳಂದ, ಅಫಜಲಪುರ, ಬೀದರ್ ದಾರಿಗಳಲ್ಲಿ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತವೆ. ಹಿಂದೆ ದೀಪ ಇರುವುದಿಲ್ಲ, ಕಬ್ಬು ಎರಡೂ ಬದಿ ಚಾಚಿರುತ್ತದೆ. ಕತ್ತಲಲ್ಲಿ ಗಾಡಿ ನಿಲ್ಲಿಸಿ, ಡಿಮ್ ಲೈಟ್ ಹಾಕಿ, ಬೆಳಕು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಗೆ ಹೆಜ್ಜೆ ಎಣಿಸಿ ನಡೆಯಿರಿ. 60ರಲ್ಲಿ ನಿಲ್ಲಲು ಒಟ್ಟು 45 ಮೀಟರ್ ಬೇಕು. ನಿಮ್ಮ ಬೆಳಕು ಅಷ್ಟು ದೂರ ಮುಟ್ಟದಿದ್ದರೆ ರಾತ್ರಿ 60 ನಿಮ್ಮ ವೇಗವಲ್ಲ.

ಯಾವ ಗಾಡಿ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲನೆಯದು 100ರಿಂದ 125 ಸಿಸಿ ಇರಲಿ. ಸ್ಪ್ಲೆಂಡರ್ ಪ್ಲಸ್ 97.2 ಸಿಸಿ, ತೂಕ 112 ಕೆ.ಜಿ ಆಸುಪಾಸು, ಸೀಟಿನ ಎತ್ತರ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹತ್ತಿರ ಹತ್ತಿರ 195 ಕೆ.ಜಿ. ಓಡುವಾಗ ಆ ತೂಕ ಗೊತ್ತಾಗುವುದಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಸಂದಣಿಯಲ್ಲಿ ಹಿಂದಕ್ಕೆ ತಳ್ಳುವಾಗ, ಒಂದು ಕಾಲು ತಗ್ಗಿಗೆ ಬಿದ್ದಾಗ ಗೊತ್ತಾಗುತ್ತದೆ. ಶೋರೂಮಿನಲ್ಲಿ ಸಿಸಿ ಕೇಳುವ ಮೊದಲು ಸೀಟಿನ ಮೇಲೆ ಕೂತು ಎರಡೂ ಮುಂಗಾಲು ಗಟ್ಟಿಯಾಗಿ ನೆಲ ಮುಟ್ಟುತ್ತವೆಯೇ ನೋಡಿ. ಮೊದಲ ವರ್ಷ ಗಾಡಿ ಬೀಳುವುದೇ ಹೆಚ್ಚು, ಅದಕ್ಕಾಗಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ ಎನ್ನುತ್ತೇನೆ. ಒಡೆದ ಇಂಡಿಕೇಟರ್, ಬಾಗಿದ ಲಿವರ್ ಆಗ ಮನಸ್ಸಿಗೆ ಹತ್ತುವುದಿಲ್ಲ.

ಹಳೆ ಗಾಡಿ ನೋಡಲು ಹೋದಾಗ ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ನೀವು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದರೆ ತಣ್ಣನೆ ಎಂಜಿನ್ನಿನ ತೊಂದರೆ ಕಾಣುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ಕಚ್ಚಿದಂತಾದರೆ ಸ್ಟೇರಿಂಗ್ ಬೇರಿಂಗ್ ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕೊಳವೆಗಳ ಮೇಲೆ ಎಣ್ಣೆ ಪಸೆ ಇದೆಯೇ, ಚೈನ್ ಕೂರುವ ಸ್ಪ್ರಾಕೆಟ್ ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಾಗಿವೆಯೇ ನೋಡಿ. ಚೈನ್ ಸಡಿಲ ಸಾಮಾನ್ಯವಾಗಿ 20ರಿಂದ 30 ಮಿ.ಮೀ, ಆಯಾ ಗಾಡಿಯ ಪುಸ್ತಕದ ಅಂಕಿಯೇ ಕೊನೆಯದು.

ಕಾಗದಪತ್ರದಲ್ಲಿ ನಮ್ಮ ಕಡೆ ಒಂದು ವಿಶೇಷ ಎಚ್ಚರ ಬೇಕು. ಗಡಿ ಹತ್ತಿರವಿರುವುದರಿಂದ ತೆಲಂಗಾಣ, ಮಹಾರಾಷ್ಟ್ರದ ನಂಬರಿನ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಮೂಲ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೈಗೆ ಬರದೆ ಹಣ ಕೊಡಬೇಡಿ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಹೊಸ ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದು ಅಪರೂಪ. ಆರ್‌ಸಿಯ (ನೋಂದಣಿ ಪತ್ರದ) ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಗಾಡಿ ಸಾಲಕ್ಕೆ ಅಡವಿದೆ ಎಂಬ ಎಚ್‌ಪಿ ನಮೂದು ತೆಗೆಸಿರಬೇಕು, ಬಾಕಿ ಚಲನ್ ಇರಬಾರದು. ವರ್ಗಾವಣೆಗೆ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಹಣ ಎಣಿಸುವ ಹೊತ್ತಿಗೇ ಹಾಕಿಸಿಕೊಳ್ಳಿ.