ಬಾಡಿ ಎತ್ತದೆ ರಿಸ್ಟೋರ್ ಮಾಡಿ ಮಾರಿದ 1972ರ ಕಾರ್ವೆಟ್: ನನ್ನ ಅನುಭವ

ಫ್ರೇಮಿನಿಂದ ಬಾಡಿಯನ್ನು ಪೂರ್ತಿ ಬಿಡಿಸದೆ ರಿಸ್ಟೋರ್ ಮಾಡಿದ, ಸಾಲದ್ದಕ್ಕೆ ಎಂಜಿನ್ನಿನ ಮೇಲೆ ಕಾರ್ಖಾನೆಯವರು ಒತ್ತಿದ ಸಂಖ್ಯೆಯ ಮೂಲ ಮುದ್ರೆಯೂ ಅಳಿದುಹೋಗಿರುವ, ಷೆವರ್ಲೆ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್ಟಿಗೆ ಇಪ್ಪತ್ತು ಸಾವಿರ ಡಾಲರಿಗಿಂತ ಹೆಚ್ಚು ಬೆಲೆ ಹುಟ್ಟುವುದಿಲ್ಲವೆಂದು ಡೆಟ್ರಾಯಿಟಿನ ಆಸುಪಾಸಿನಲ್ಲಿ ಈ ಕಾರುಗಳ ಹುಚ್ಚು ಹಿಡಿಸಿಕೊಂಡಿರುವ ನನ್ನ ಪರಿಚಯದವರೆಲ್ಲ ಹೇಳಿದ್ದರು. ಎರಡು ಕಾರುಗಳನ್ನು ಬಿಚ್ಚಿ ಜೋಡಿಸಿದ ಅನುಭವವಿರುವ ಕನ್ನಡ ಕೂಟದ ಮಿತ್ರರೊಬ್ಬರಂತೂ "ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಯಾರು ಕೊಡ್ತಾರೆ ಮಾರಾಯ್ರೆ" ಎಂದು ನಕ್ಕುಬಿಟ್ಟಿದ್ದರು. ಕಳೆದ ಸೆಪ್ಟೆಂಬರಿನಲ್ಲಿ ಆ ಕಾರು ಹೆಚ್ಚುಕಡಿಮೆ ಮೂವತ್ತೊಂದು ಸಾವಿರಕ್ಕೆ ಹೋಯಿತು. ಕೊಂಡವರು ಹೊಸಬರಲ್ಲ, ಓಹಾಯೊದಿಂದ ಬಂದ, ಕಾರಿನ ಅಡಿಗೆ ಮಲಗಿ ಟಾರ್ಚ್ ಹಿಡಿದು ನೋಡಬಲ್ಲ ಅನುಭವಸ್ಥರು. ಹಾಗಾಗಿ ಏನು ಮಾಡಿದೆ, ಎಲ್ಲಿ ಹಣ ಹೋಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಪ್ಯಾನರ್ ಹಿಡಿದು ಬಲ್ಲವರಿಗಾಗಿಯೇ ಬರೆಯುತ್ತಿರುವುದರಿಂದ ಪ್ರಾಥಮಿಕ ಪಾಠಗಳನ್ನು ಬಿಟ್ಟಿದ್ದೇನೆ.

ಕಾರು 1972ರ ಸ್ಟಿಂಗ್‌ರೇ ಕೂಪೆ. 350 ಘನ ಅಂಗುಲದ ಎಂಜಿನ್, ನಾಲ್ಕು ಗೇರಿನ ಮ್ಯಾನ್ಯುಯಲ್. ಸುಮಾರು ಒಂಬತ್ತೂವರೆ ಸಾವಿರಕ್ಕೆ ಸಿಕ್ಕಿತು. ಮುಂದೆಯೂ ಹಿಂದೆಯೂ ಕ್ರೋಮ್ ಬಂಪರ್ ಇದ್ದ ಕೊನೆಯ ವರ್ಷ ಅದು; 1973ರಲ್ಲಿ ಮುಂದಿನದು ಹೋಯಿತು, 1974ರಲ್ಲಿ ಹಿಂದಿನದೂ ಹೋಯಿತು. ಹಿಂದಿನ ಗಾಜನ್ನು ಕಳಚಿಡುವ ಸೌಕರ್ಯವಿದ್ದದ್ದೂ 1972ರವರೆಗೆ ಮಾತ್ರ. ಇಷ್ಟಾದರೂ ಈ ವರ್ಷದ ಕಾರುಗಳು ಕೆಲವೊಮ್ಮೆ ಅಗ್ಗವಾಗಿ ಸಿಗುವುದಕ್ಕೆ ಒಂದು ಕಾರಣವಿದೆ. 1971ರಲ್ಲಿ 270 ಎಂದು ಬರೆದಿದ್ದ ಅಶ್ವಶಕ್ತಿಯನ್ನು 1972ರಲ್ಲಿ 200 ಎಂದು ಬರೆದರು. ಇಳಿದ ಅಂಕೆಯಲ್ಲಿ ಬಹುಪಾಲು ಅಳೆಯುವ ಕ್ರಮ ಬದಲಾದದ್ದರಿಂದ ಬಂದದ್ದು, ಎಂಜಿನ್ ಅಷ್ಟು ಸೊರಗಿರಲಿಲ್ಲ. ಕಾಗದದ ಅಂಕೆ ನೋಡಿ ಮೂಗು ಮುರಿಯುವವರು ಇರುವವರೆಗೂ ನಮ್ಮಂಥವರಿಗೆ ವ್ಯಾಪಾರ ಉಂಟು.

ಬಾಡಿ ಎತ್ತಿ ಮಾಡುವ ಪೂರ್ಣ ರಿಸ್ಟೋರೇಶನ್‌ಗೆ ಒಂದು ವರ್ಕ್‌ಶಾಪಿನವರು ನಲವತ್ತು ಸಾವಿರದಿಂದ ಮಾತು ಶುರುಮಾಡಿದರು. ಎನ್‌ಸಿಆರ್‌ಎಸ್ (ಕಾರ್ವೆಟ್ ರಿಸ್ಟೋರ್ ಮಾಡುವವರ ಸಂಘ) ತೀರ್ಪುಗಾರರ ಮುಂದೆ ನಿಲ್ಲಿಸಿ ನೂರಕ್ಕೆ 94 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆಯಬೇಕಾದ ಕಾರಿಗೆ ಅದು ಸರಿ. ನನ್ನದು ಓಡಿಸಲು ಕೊಳ್ಳುವವರಿಗೆ ಮಾರುವ ಕಾರು. ಈ ಕಾರಿನ ಮೈ ಫೈಬರ್‌ಗ್ಲಾಸ್, ಅದಕ್ಕೆ ತುಕ್ಕಿಲ್ಲ; ತುಕ್ಕು ಹಿಡಿಯುವ ಜಾಗಗಳು ಎಲ್ಲರಿಗೂ ಗೊತ್ತಿರುವಂಥವೇ: ಗಾಜಿನ ಸುತ್ತಲಿನ ಉಕ್ಕಿನ ಚೌಕಟ್ಟು, ಅಂದರೆ ಬರ್ಡ್‌ಕೇಜ್; ಬಾಡಿಯನ್ನು ಫ್ರೇಮಿಗೆ ಹಿಡಿದಿಡುವ ಬಾಡಿ ಮೌಂಟುಗಳು; ಹಿಂಚಕ್ರದ ಮುಂದೆ, ಆ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಟ್ರೇಲಿಂಗ್ ಆರ್ಮ್ ಕೂರುವ ಫ್ರೇಮಿನ ಭಾಗ. ಇವುಗಳಿಗೆ ಕೆಳಗಿನಿಂದಲೂ ಬದಿಯಿಂದಲೂ ಕೈ ತಲುಪುತ್ತದೆಯೆಂಬುದು ನನ್ನ ವಾದವಾಗಿತ್ತು, ತಲುಪಿತು ಕೂಡ.

ಮೊದಲು ಬರ್ಡ್‌ಕೇಜ್. ಮುಂಗಾಜಿನ ಸ್ಟೀಲ್ ಪಟ್ಟಿ ತೆಗೆದ ಕೂಡಲೇ ಎಡಗಡೆಯ ಕೆಳಮೂಲೆಯಲ್ಲಿ ಸ್ಕ್ರೂಡ್ರೈವರಿನ ತುದಿ ನೇರ ಒಳಗಿಳಿಯಿತು. ಮಿಷಿಗನ್ನಿನ ರಸ್ತೆಗಳಿಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಫ್ರೇಮನ್ನು ತಿನ್ನುವುದಾದರೆ, ಈ ಮೂಲೆಯನ್ನು ತಿನ್ನುವುದು ಸೋರುವ ಗಾಜಿನ ಹಳೆಯ ಸೀಲ್. ಗ್ಯಾರೇಜಿನಿಂದ ಹೊರಗೇ ಬಾರದ ಕಾರಿನಲ್ಲೂ ಮಳೆಗೆ ನಿಂತಿದ್ದ ಹಳೆಯ ದಿನಗಳ ಗುರುತು ಅಲ್ಲಿ ಉಳಿದಿರುತ್ತದೆ. ಗಾಜು ತೆಗೆಸಿ, ಕೊಳೆತ ಉಕ್ಕನ್ನು ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತುಂಡನ್ನು ವೆಲ್ಡ್ ಮಾಡಿದೆ. ಇಲ್ಲಿ ಅವಸರ ನಡೆಯುವುದಿಲ್ಲ. ಅರ್ಧ ಅಂಗುಲ ವೆಲ್ಡ್, ಒದ್ದೆ ಬಟ್ಟೆ, ಕೈಯಿಟ್ಟು ಬಿಸಿ ನೋಡುವುದು, ಮತ್ತೆ ಅರ್ಧ ಅಂಗುಲ. ಬಿಸಿ ಏರಿದರೆ ಪಕ್ಕದಲ್ಲಿ ಉಕ್ಕಿಗೆ ಅಂಟಿಸಿರುವ ಫೈಬರ್‌ಗ್ಲಾಸಿನ ಅಂಟು ಬಿಟ್ಟುಕೊಳ್ಳುತ್ತದೆ. ಉಕ್ಕು, ಸೀಲ್, ಹೊಸ ಗಾಜು, ಗಾಜು ಕೂರಿಸುವವರ ಕೂಲಿ ಎಲ್ಲ ಸೇರಿ ಸಾವಿರದ ಎಂಟುನೂರರ ಹತ್ತಿರ ಬಂತು. ಪ್ರತಿ ಹಂತದಲ್ಲೂ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದೆ. ಈ ಫೋಟೊಗಳೇ ಮುಂದೆ ಕಾರನ್ನು ಮಾರಿದವು.

ಬಾಡಿ ಮೌಂಟುಗಳ ಕೆಲಸವನ್ನು ನೋಡಲು ಬಂದವರಿಗೆಲ್ಲ ಅನುಮಾನವಿತ್ತು. ಒಂದು ಬದಿಯ ಬೋಲ್ಟುಗಳನ್ನು ತೆಗೆದು, ಇನ್ನೊಂದು ಬದಿಯವನ್ನು ಸಡಿಲಿಸಿ, ಉದ್ದ ಮರದ ಹಲಗೆಯನ್ನು ಅಡಿಗೆ ಕೊಟ್ಟು ಜ್ಯಾಕಿನಿಂದ ಒಂದೂವರೆ ಅಂಗುಲದಷ್ಟು ಎತ್ತಿದರೆ ಹಳೆಯ ಮೌಂಟ್ ಹೊರಬರುತ್ತದೆ. ಮುಖ್ಯವಾದದ್ದು ಶಿಮ್ಮುಗಳು, ಅಂದರೆ ಸಂದು ಸರಿಹೊಂದಿಸಲು ಇಡುವ ತೆಳು ತಗಡುಗಳು. ಯಾವ ಜಾಗದಿಂದ ಎಷ್ಟು ಶಿಮ್ ಬಂತೆಂದು ಚೀಟಿ ಕಟ್ಟಿಡದಿದ್ದರೆ ಬಾಗಿಲಿನ ಸಂದು ಮತ್ತೆ ಸರಿಹೋಗುವುದು ಕಷ್ಟ. 1973ರಿಂದ ರಬ್ಬರ್ ಮೌಂಟ್ ಬಂದದ್ದರಿಂದ ಅದನ್ನೇ ಇದಕ್ಕೂ ಹಾಕಿದರೆ ಸವಾರಿ ಮೆತ್ತಗಾಗುತ್ತದೆಂದು ಹೇಳುವವರಿದ್ದಾರೆ. ಆ ಪ್ರಯೋಗ ನಾನು ಮಾಡಿ ನೋಡಿದೆ. ಬಾಗಿಲು ಮುಚ್ಚುವಾಗ ಕೊಕ್ಕೆ ಹೊಂದದೆ ಹೋಯಿತು, ಮತ್ತೆ ಮೂಲದ ಅಲ್ಯುಮಿನಿಯಂ ಬಗೆಗೇ ಮರಳಿದೆ. ಟ್ರೇಲಿಂಗ್ ಆರ್ಮಿನ ಬೋಲ್ಟುಗಳನ್ನು ಎಲ್ಲರೂ ಗರಗಸದಿಂದ ಕತ್ತರಿಸುತ್ತಾರೆ. ನಾನು ಎರಡನ್ನೂ ಕತ್ತರಿಸದೆ ಹೊರತೆಗೆದೆ. ಹೇಗೆಂಬುದು ಇಲ್ಲಿ ಬೇಡ, ಮುಂದಿನ ಕಾರಿಗೆ ನನಗೇ ಬೇಕು. ಆರ್ಮುಗಳ ಬೇರಿಂಗ್ ಕೆಲಸವನ್ನು ಮಾತ್ರ ಅದರಲ್ಲೇ ಪಳಗಿದವರಿಗೆ ಕಳುಹಿಸಿ ಸಾವಿರದ ನೂರರಷ್ಟು ಕೊಟ್ಟೆ. ಇಲ್ಲಿ ಉಳಿಸಲು ಹೋಗಬಾರದು.

ಬ್ರೇಕು ನನ್ನ ತಾಳ್ಮೆಯನ್ನು ತಿಂದಷ್ಟು ಬೇರೆ ಯಾವುದೂ ತಿನ್ನಲಿಲ್ಲ. ಕಾರ್ವೆಟ್ಟಿಗೆ 1965ರಿಂದಲೇ ನಾಲ್ಕೂ ಚಕ್ರಕ್ಕೆ ಡಿಸ್ಕ್, ಡಿಸ್ಕನ್ನು ಅದುಮಿ ಹಿಡಿಯುವ ಒಂದೊಂದು ಕ್ಯಾಲಿಪರಿಗೆ ನಾಲ್ಕು ಪಿಸ್ಟನ್. ಸ್ಟೇನ್‌ಲೆಸ್ ಸ್ಟೀಲಿನ ಒಳಕವಚ ಹಾಕಿದ ಕ್ಯಾಲಿಪರುಗಳನ್ನೇ ತಂದು ಹಾಕಿದೆ. ಬ್ಲೀಡ್ ಮಾಡಿ ಗಾಳಿ ಹೊರಹಾಕಿದ ದಿನ ಪೆಡಲ್ ಗಟ್ಟಿ. ವಾರ ಓಡಿಸಿದ ಮೇಲೆ ಮೆತ್ತಗೆ. ಎಣ್ಣೆ ಎಲ್ಲಿಯೂ ಸೋರಿರುತ್ತಿರಲಿಲ್ಲ. ಮಾಸ್ಟರ್ ಸಿಲಿಂಡರ್ ಬದಲಿಸಿದೆ, ಹೋಸುಗಳನ್ನು ಬದಲಿಸಿದೆ, ಯಾರೋ ಹೇಳಿದರೆಂದು ಸಿಲಿಕೋನ್ ಬ್ರೇಕ್ ಎಣ್ಣೆ ತುಂಬಿ ನೋಡಿದೆ; ಅದರಲ್ಲಿ ಗಾಳಿಯ ಗುಳ್ಳೆ ಇನ್ನೂ ಹಟ ಹಿಡಿದು ಕೂತಿತು. ನಾಲ್ಕುನೂರು ಡಾಲರಿನ ಮೇಲೆ ಇದಕ್ಕೇ ಹೋಯಿತು.

ಕೊನೆಗೆ ಸೂಕ್ಷ್ಮ ಓಲಾಟ ಅಳೆಯುವ ಡಯಲ್ ಗೇಜ್ ತಂದು ಹಿಂದಿನ ರೋಟರಿಗೆ, ಅಂದರೆ ಬ್ರೇಕಿನ ಡಿಸ್ಕಿಗೆ ಹಿಡಿದೆ. ಚಕ್ರದ ನಟ್ಟುಗಳನ್ನೆಲ್ಲ ಬಿಗಿದು ನಿಧಾನವಾಗಿ ತಿರುಗಿಸಿದರೆ ಮುಳ್ಳು 0.009 ಅಂಗುಲ ಆಡುತ್ತಿತ್ತು. ಕಾರ್ಖಾನೆಯಲ್ಲಿ ರೋಟರನ್ನು ಸ್ಪಿಂಡಲಿಗೆ ರಿವೆಟ್ ಹೊಡೆದು ಎರಡನ್ನೂ ಒಟ್ಟಿಗೆ ಲೇತಿನಲ್ಲಿ ಸಮ ಮಾಡುತ್ತಿದ್ದರು. ನಡುವೆ ಯಾರೋ ರಿವೆಟ್ ಕೊರೆದು ಹೊಸ ರೋಟರ್ ಹಾಕಿದಾಗ ಆ ಸಮ ಹೋಗಿತ್ತು. ಓಲಾಡುವ ರೋಟರ್ ಪಿಸ್ಟನ್ನನ್ನು ಒಳಗೂ ಹೊರಗೂ ದೂಡುತ್ತದೆ, ತುಟಿಯಂಥ ಅಂಚಿರುವ ಹಳೆಯ ಬಗೆಯ ಸೀಲ್ ಆ ಚಲನೆಯಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಎಣ್ಣೆ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಒ-ರಿಂಗ್ ಸೀಲ್ ಹಾಕಿದರೆ ಈ ಆಟವನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದು ರೋಗ ಬಿಟ್ಟು ನೋವಿಗೆ ಮಾತ್ರ ಗುಳಿಗೆ ನುಂಗಿದಂತೆ ಕಂಡಿತು. ಹಬ್ಬಿಗೂ ರೋಟರಿಗೂ ನಡುವೆ ಓರೆ ಶಿಮ್ ಕೂರಿಸುತ್ತ, ತಿರುಗಿಸಿ ಅಳೆಯುತ್ತ, ನಾಲ್ಕೂ ಚಕ್ರಗಳನ್ನು 0.002ರ ಒಳಗೆ ತಂದೆ. ಆಮೇಲೆ ಪೆಡಲ್ ಇಳಿದದ್ದಿಲ್ಲ. ಬ್ರೇಕಿನ ಒಟ್ಟು ಖರ್ಚು ಸಾವಿರದ ಐನೂರರ ಸುತ್ತ. ಶಿಮ್ಮಿನ ಬೆಲೆ ಅದರಲ್ಲಿ ಲೆಕ್ಕಕ್ಕೇ ಇಲ್ಲ.

ಬಣ್ಣದ ವಿಚಾರದಲ್ಲೂ ಇಂಥದೇ ಸುತ್ತಾಟ. ಮೇಲಿದ್ದದ್ದು ಯಾರೋ ಹೊಡೆಸಿದ ಕೆಂಪು, ಅಡಿಯಲ್ಲಿ ಕಾರ್ಖಾನೆಯ ಎಲ್ಕ್‌ಹಾರ್ಟ್ ಹಸಿರು. ಬಣ್ಣ ತೆಗೆಯುವ ರಾಸಾಯನಿಕವನ್ನು ಬಾನೆಟ್ಟಿನ ಒಂದು ಮೂಲೆಗೆ ಹಚ್ಚಿ ನೋಡಿದೆ. ಬಣ್ಣ ಚೆನ್ನಾಗಿಯೇ ಎದ್ದಿತು, ಆದರೆ ಪ್ರೈಮರ್ ಹೊಡೆದು ತಿಂಗಳಾದ ಮೇಲೆ ಅಲ್ಲಿಯೇ ಸಣ್ಣ ಗುಳ್ಳೆಗಳು ಮೂಡಿದವು, ಫೈಬರ್ ಅದನ್ನು ಕುಡಿದುಕೊಂಡಿತ್ತು. ಮರಳು ಊದಿಸುವ ಮಾತೇ ಇಲ್ಲ. ಉಳಿದದ್ದು ರೇಜರ್ ಬ್ಲೇಡು. ಚಳಿಗಾಲವಿಡೀ ಸಂಜೆಹೊತ್ತು ಬ್ಲೇಡನ್ನು ಓರೆಯಾಗಿ ಹಿಡಿದು ಹಾಳೆಹಾಳೆಯಾಗಿ ಕೆತ್ತಿದೆ. ಕೈ ಪಳಗಿದ ಮೇಲೆ ಕೆಂಪು ಮಾತ್ರ ಎದ್ದು ಹಸಿರು ಉಳಿಯುವಷ್ಟು ಹಿಡಿತ ಬರುತ್ತದೆ. ಪೂರ್ತಿ ಕೆಲಸಕ್ಕೆ ಹದಿನಾಲ್ಕು ಸಾವಿರ ಕೇಳಿದ್ದ ಪೇಂಟ್ ಶಾಪು, ಕೆತ್ತಿ ಸಿದ್ಧಮಾಡಿ ಕೊಟ್ಟ ಕಾರಿಗೆ ಆರೂವರೆ ಸಾವಿರಕ್ಕೆ ಒಪ್ಪಿತು. ಮೂಲದ ಹಸಿರನ್ನೇ ಹೊಡೆಸಿದೆ. ಕೆಂಪು ಬೇಗ ಬಿಕರಿಯಾಗುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಬಾಗಿಲಿನ ಕಂಬದ ಮೇಲಿನ ತಗಡಿನಲ್ಲಿರುವ ಬಣ್ಣದ ಸಂಖ್ಯೆಯನ್ನು ಓದಬಲ್ಲವನಿಗೆ ಹಸಿರೇ ಹೆಚ್ಚು.

ಇನ್ನೊಂದು ಪ್ರಯೋಗ ಫ್ಯುಯಲ್ ಇಂಜೆಕ್ಷನ್. ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ತೆಗೆದು ಸಾವಿರದ ಮುನ್ನೂರರ ಕಿಟ್ ಹಾಕಿದೆ; ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಆದರೆ ನೋಡಲು ಬಂದವರೆಲ್ಲ ಬಾನೆಟ್ ಎತ್ತಿದೊಡನೆ "ಹಳೆಯದು ಇಟ್ಟಿದ್ದೀರಾ?" ಎಂದೇ ಕೇಳಿದ್ದರಿಂದ ಹಳೆಯದನ್ನೇ ತೊಳೆದು ಮತ್ತೆ ಕೂರಿಸಿದೆ. ಹೆಡ್‌ಲೈಟ್ ಎತ್ತುವ ವ್ಯಾಕ್ಯೂಮ್ ವ್ಯವಸ್ಥೆಗೂ ಎಲೆಕ್ಟ್ರಿಕ್ ಮೋಟಾರ್ ಹಾಕಬಹುದಿತ್ತು. ಹಾಕಲಿಲ್ಲ. ಹೋಸುಗಳನ್ನು ಒಂದೊಂದಾಗಿ ಮುಚ್ಚಿ ಸೋರುವುದನ್ನು ಹುಡುಕಿದರೆ ಎರಡು ಸಂಜೆಗಳ ಕೆಲಸ, ದೀಪಗಳು ಕಣ್ಣುರೆಪ್ಪೆಯಂತೆ ಒಟ್ಟಿಗೆ ಏಳುತ್ತವೆ.

ಎಂಜಿನ್ನಿನದು ಸೂಕ್ಷ್ಮ ವಿಷಯ. ಹಿಂದೆ ಯಾವಾಗಲೋ ಎಂಜಿನ್ ಬಿಚ್ಚಿದವರು ಬ್ಲಾಕಿನ ಮೇಲ್ಮೈಯನ್ನು ಉಜ್ಜಿಸಿದ್ದರು, ಅದರೊಡನೆ ಬಲಬದಿಯ ಹೆಡ್ಡಿನ ಮುಂದಿರುವ ಮುದ್ರೆಯೂ ಹೋಗಿತ್ತು. ಹೊಸದಾಗಿ ಮುದ್ರೆ ಹೊಡೆಸಿಬಿಡಿ ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಕಾರ್ಖಾನೆಯಲ್ಲಿ ಲೋಹದ ಮೇಲ್ಮೈ ಕೆತ್ತುವ ಬ್ರೋಚ್ ಯಂತ್ರ ಆ ಜಾಗದಲ್ಲಿ ಬಿಡುವ ಸಣ್ಣ ಸಮಾನಾಂತರ ಗೆರೆಗಳನ್ನು ಬಲ್ಲವನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ, ಸಿಕ್ಕಿಬಿದ್ದರೆ ಉಳಿದ ನಿಜವೂ ಸುಳ್ಳಾಗುತ್ತದೆ. ನಾನು ಬೇರೆ ಸಾಕ್ಷಿ ಹುಡುಕಿದೆ. ಬ್ಲಾಕಿನ ಹಿಂಬದಿಯಲ್ಲಿ 3970010 ಎಂಬ ಎರಕದ ಸಂಖ್ಯೆಯೂ, ಎರಕ ಹೊಯ್ದ ತಿಂಗಳ ಅಕ್ಷರ, ದಿನ, ವರ್ಷದ ಕೊನೆಯ ಅಂಕೆಯೂ ಓದಲು ಸಿಕ್ಕವು. ಕಾರು ತಯಾರಾದ ತಿಂಗಳಿಗಿಂತ ಸ್ವಲ್ಪ ಹಿಂದಿನ ದಿನಾಂಕ. ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಅದರ ನೆತ್ತಿಗೆ ಸೇಂಟ್ ಲೂಯಿಸ್ ಕಾರ್ಖಾನೆಯವರು ಅಂಟಿಸಿದ್ದ ಹಾಳೆ ಕಂದು ಬಣ್ಣಕ್ಕೆ ತಿರುಗಿ, ಅಂಚುಗಳಲ್ಲಿ ಪುಡಿಯಾಗುತ್ತ ಇನ್ನೂ ಅಂಟಿಕೊಂಡಿತ್ತು. ಮುಟ್ಟುವ ಮೊದಲು ಬದಿಯಿಂದ ಬೆಳಕು ಬಿಟ್ಟು ಫೋಟೊ ತೆಗೆದೆ. ಗೇರ್, ಬಣ್ಣ, ಕಾರಿನ ಸಂಖ್ಯೆ ಎಲ್ಲವೂ ಅದರಲ್ಲಿ ಓದಬಹುದಿತ್ತು. ಅದನ್ನು ಹರಿಯದೆ ತೆಗೆದ ಬಗೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಾರಾಟದ ಜಾಹೀರಾತಿನ ಮೊದಲ ಸಾಲಿನಲ್ಲೇ "ಬಾಡಿ ಎತ್ತಿಲ್ಲ, ಎಂಜಿನ್ ಮುದ್ರೆ ಇಲ್ಲ" ಎಂದು ಬರೆದೆ. ಮಿತ್ರರು ತಲೆ ಚಚ್ಚಿಕೊಂಡರು. ಆಗಸ್ಟಿನಲ್ಲಿ ನಡೆಯುವ ಹಳೆಯ ಕಾರುಗಳ ಮೇಳ ವುಡ್‌ವರ್ಡ್ ಡ್ರೀಮ್ ಕ್ರೂಸಿಗೆ ಕಾರು ಒಯ್ದು, ಫೋಟೊ, ರಸೀದಿ, ರೋಟರಿನ ಅಳತೆಗಳಿರುವ ಫೈಲನ್ನು ಸೀಟಿನ ಮೇಲೆ ತೆರೆದಿಟ್ಟು ನಿಲ್ಲಿಸಿದೆ. ಅಲ್ಲಿ ಕೊಳ್ಳುವವರು ಸಿಗಲಿಲ್ಲ, ಆದರೆ ಜನ ಯಾವ ಪುಟದಲ್ಲಿ ನಿಲ್ಲುತ್ತಾರೆಂದು ಗೊತ್ತಾಯಿತು: ಬರ್ಡ್‌ಕೇಜ್. ಆ ಫೋಟೊಗಳನ್ನು ಜಾಹೀರಾತಿನ ಮುಂದಕ್ಕೆ ತಂದ ಮೇಲೆ ಫೋನುಗಳ ಧಾಟಿಯೇ ಬದಲಾಯಿತು. ಕೇಳಿದ್ದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ ಕಳುಹಿಸುತ್ತೇನೆ, ಉಳಿದದ್ದನ್ನು ವಾಪಸ್ ಮಾಡಿ ಎನ್ನುವ ಹಳೆಯ ವಂಚಕರೂ ಬಂದರು, ಅವರ ಮಾತು ಬಿಡಿ.

ಓಹಾಯೊದವರು ಬಂದಾಗ ಕೈಯಲ್ಲಿ ಒಂದು ಅಯಸ್ಕಾಂತವಿತ್ತು. ಫೈಬರ್‌ಗ್ಲಾಸ್ ಕಾರಿಗೆ ಅದೇಕೆಂದು ಒಂದು ಕ್ಷಣ ಅನ್ನಿಸಿತು. ಅವರು ನೇರವಾಗಿ ಗಾಜಿನ ಕಂಬದ ಬುಡಕ್ಕೆ ಹಿಡಿದರು, ಅದು ಟಕ್ಕೆಂದು ಅಂಟಿತು. ಆಮೇಲೆ ಹಿಂದಿನ ಚಕ್ರ ಬಿಚ್ಚಿ ಡಯಲ್ ಗೇಜ್ ಹಿಡಿಯಲು ಬಿಡುತ್ತೀರಾ ಎಂದರು. ಬಿಟ್ಟೆ. ಮೂವತ್ತೆರಡೂವರೆಗೆ ಕೇಳಿದ್ದೆ, ಟಿ-ಟಾಪಿನ, ಅಂದರೆ ಕಳಚಬಹುದಾದ ಚಾವಣಿ ಫಲಕಗಳ ಸೀಲ್ ಸೋರುತ್ತದೆಂದು ಸಾವಿರದ ಚಿಲ್ಲರೆ ಇಳಿಸಿದರು. ಸೋರದ ಟಿ-ಟಾಪನ್ನು ನಾನಂತೂ ಕಂಡಿಲ್ಲ. ಇಬ್ಬರೂ ಬ್ಯಾಂಕಿಗೆ ಹೋಗಿ ಹಣ ನನ್ನ ಖಾತೆಗೆ ಬಂದ ಮೇಲೆ ಟೈಟಲ್‌ಗೆ (ಮಾಲೀಕತ್ವದ ಪತ್ರಕ್ಕೆ) ಸಹಿ ಹಾಕಿದೆ, ನಂಬರ್ ಪ್ಲೇಟ್ ಬಿಚ್ಚಿಕೊಂಡೆ. ಮಿಷಿಗನ್ನಿನಲ್ಲಿ ಪ್ಲೇಟು ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ.

ಲೆಕ್ಕ ಹೀಗಿದೆ: ಕೊಂಡದ್ದು ಒಂಬತ್ತೂವರೆ, ಮೇಲೆ ಹೇಳಿದ ಖರ್ಚುಗಳು, ಟೈರು, ಸೀಟು, ಸೈಲೆನ್ಸರ್ ಇತ್ಯಾದಿಗೆ ನಾಲ್ಕು ಸಾವಿರದಷ್ಟು, ಎಲ್ಲ ಕೂಡಿದರೆ ಇಪ್ಪತ್ತೈದು ಸಾವಿರದ ಆಚೀಚೆ. ಆರು ಸಾವಿರದಷ್ಟು ಕೈಯಲ್ಲಿ ಉಳಿಯಿತು, ನನ್ನ ಕೂಲಿ ಹಿಡಿದಿಲ್ಲ. ಫ್ಯುಯಲ್ ಇಂಜೆಕ್ಷನ್ ಕಿಟ್ಟನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಅದು ಡಬ್ಬದಲ್ಲಿ ಹಾಗೆಯೇ ಇದೆ, ಎಂಟುನೂರಕ್ಕೆ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.