ಇಸ್ರೋಗೆ ದುಡ್ಡು ಜಾಸ್ತಿಯಾಯ್ತಾ, ಕಡಿಮೆಯಾಯ್ತಾ? ಬಜೆಟ್ ಪುಟ ಓದುವುದು ಹೀಗೆ

ಫೆಬ್ರವರಿ ಬಂತೆಂದರೆ ಕಾಸರಗೋಡಿನ ಬದಿಯಡ್ಕದ ಹೋಟೆಲಿನಲ್ಲಿ ಚಾ ಜೊತೆ ಈ ಜಗಳ ಗ್ಯಾರಂಟಿ. ಒಬ್ಬರು ‘ಇಸ್ರೋದ ದುಡ್ಡು ಕಡಿಮೆ ಮಾಡಿದರು ಮಾರಾಯ್ರೇ’ ಅಂತಾರೆ. ಇನ್ನೊಬ್ಬರು ‘ಎಂತ ಕಡಿಮೆ, ಜಾಸ್ತಿ ಮಾಡಿದ್ದಾರೆ’ ಅಂತಾರೆ. ಇಬ್ಬರ ಫೋನಿನಲ್ಲೂ ವಾಟ್ಸಾಪ್ ಮೆಸೇಜ್ ಉಂಟು. ತಮಾಷೆ ಏನೆಂದರೆ ಇಬ್ಬರೂ ಸರಿ ಇರಬಹುದು. ನೀವೇ ನೋಡಿ, ಹತ್ತು ನಿಮಿಷದ ಕೆಲಸ.

ಕೇಂದ್ರ ಬಜೆಟ್‌ನ ವೆಬ್‌ಸೈಟಿಗೆ ಹೋಗಿ ‘ಎಕ್ಸ್‌ಪೆಂಡಿಚರ್ ಬಜೆಟ್’ ತೆರೆಯಿರಿ. ಇಸ್ರೋ ಅಂತ ಹುಡುಕಬೇಡಿ, ದುಡ್ಡು ಇಡುವುದು ‘ಡಿಪಾರ್ಟ್‌ಮೆಂಟ್ ಆಫ್ ಸ್ಪೇಸ್’, ಅಂದರೆ ಬಾಹ್ಯಾಕಾಶ ಇಲಾಖೆಯ ಹೆಸರಿನಲ್ಲಿ. (ತುಂಬಾ ಎಂಬ ಊರಿನ ರಾಕೆಟ್ ಕೇಂದ್ರ ಇರುವುದು ನಮ್ಮ ಕೇರಳದಲ್ಲೇ ಅಂತ ರಾಜ್ಯ ಬಜೆಟ್‌ನಲ್ಲಿ ಹುಡುಕಿದವರನ್ನೂ ನೋಡಿದ್ದೇನೆ. ಅಲ್ಲಿನ ದುಡ್ಡೂ ಕೇಂದ್ರದ್ದೇ.) ಫೋನ್ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಕಾಲಂ ಅರ್ಧ ಕಾಣುವುದಿಲ್ಲ.

ಅಲ್ಲಿ ನಾಲ್ಕು ಕಾಲಂ ಇರುತ್ತವೆ. ಅಡಿಕೆ ತೋಟ ಇದ್ದವರಿಗೆ ಇದು ಸುಲಭ. ಮಳೆಗೆ ಮೊದಲು ‘ಮದ್ದು ಬಿಡಲಿಕ್ಕೆ ಇಷ್ಟು ಮೈಲುತುತ್ತು, ಇಷ್ಟು ಸುಣ್ಣ, ಇಷ್ಟು ಸಂಬಳ’ ಅಂತ ಒಂದು ಲೆಕ್ಕ ಬರೆಯುತ್ತೇವಲ್ಲ, ಅದು ಬಜೆಟ್ ಅಂದಾಜು. ಮಳೆ ಬಿಡದೆ ಒಂದು ಸಲದ ಮದ್ದು ತಪ್ಪಿತು, ಲೆಕ್ಕ ತಿದ್ದಿದೆವು, ಅದು ಪರಿಷ್ಕೃತ ಅಂದಾಜು. ವರ್ಷ ಮುಗಿದ ಮೇಲೆ ಪುಸ್ತಕದಲ್ಲಿ ಉಳಿಯುವುದು ನಿಜವಾದ ಖರ್ಚು. ಬಜೆಟ್ ಪುಟದಲ್ಲಿ ಹೋದ ವರ್ಷದ ನಿಜವಾದ ಖರ್ಚು, ಈ ವರ್ಷದ ಎರಡು ಅಂದಾಜು, ಬರುವ ವರ್ಷದ ಅಂದಾಜು ಸಾಲಾಗಿ ಇರುತ್ತವೆ.

ಈಗ ಜಗಳಕ್ಕೆ ಬನ್ನಿ. 2022-23ಕ್ಕೆ ಮೊದಲು ಇಟ್ಟದ್ದು 13,700 ಕೋಟಿ. ನಂತರ ತಿದ್ದಿ 10,530 ಕೋಟಿ ಮಾಡಿದರು. 2023-24ಕ್ಕೆ ಇಟ್ಟದ್ದು ಸುಮಾರು 12,544 ಕೋಟಿ. 13,700ರ ಪಕ್ಕ ಇಟ್ಟರೆ ಶೇಕಡಾ 8 ಕಡಿತ. 10,530ರ ಪಕ್ಕ ಇಟ್ಟರೆ ಶೇಕಡಾ 19 ಏರಿಕೆ! ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ಅದೇ ವರ್ಷ. ನನ್ನನ್ನು ಕೇಳಿದರೆ ಬಜೆಟ್ ಅಂದಾಜಿಗೆ ಬಜೆಟ್ ಅಂದಾಜು, ಖರ್ಚಿಗೆ ಖರ್ಚು ಹೋಲಿಸಿ. ಎರಡನ್ನೂ ಬೆರೆಸಿದರೆ ಯಾರಿಗೆ ಬೇಕಾದ ಹೆಡ್‌ಲೈನೂ ಸಿಗುತ್ತದೆ.

ಜನ ಜಾಸ್ತಿ ಎಡವುವ ಇನ್ನೊಂದು ಜಾಗ ಯೋಜನೆಯ ಮೊತ್ತ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ಒಟ್ಟು ಮೊತ್ತವನ್ನು 20,193 ಕೋಟಿಗೆ ಏರಿಸಿತು. ಇಲಾಖೆಗೆ 2025-26ಕ್ಕೆ ಇಟ್ಟದ್ದೇ 13,416 ಕೋಟಿ, ಹಾಗಾದರೆ ಇದು ಎಲ್ಲಿಂದ ಅಂತ ಕೇಳುತ್ತಾರೆ. ಸಂಪುಟದ್ದು ಹಲವು ವರ್ಷಗಳಿಗೆ ಒಟ್ಟಾಗಿ ಕೊಟ್ಟ ಒಪ್ಪಿಗೆ, ಕೈಗೆ ಬಂದ ಹಣ ಅಲ್ಲ. ಅದು ವರ್ಷ ವರ್ಷ ಇದೇ ಬಜೆಟ್‌ನಿಂದ ಬರಬೇಕು.

‘ಬಡವರ ದುಡ್ಡೆಲ್ಲ ರಾಕೆಟ್‌ಗೆ’ ಅನ್ನುವವರಿಗೆ ಭಾಗಾಕಾರ ಮಾಡಿ ತೋರಿಸಿ. 2025-26ರ ಒಟ್ಟು ಬಜೆಟ್ 50.65 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಇಲಾಖೆಗೆ ಹೋಗುವುದು 26 ಪೈಸೆ. ಅದು ಜಾಸ್ತಿಯೋ ಕಡಿಮೆಯೋ ಅಂತ ಆಮೇಲೆ ಜಗಳ ಆಡಿ.

ಇಟ್ಟ ದುಡ್ಡು ಯಾಕೆ ಖರ್ಚಾಗಲಿಲ್ಲ ಅಂತ ಬಜೆಟ್ ಪುಟ ಹೇಳುವುದಿಲ್ಲ. ಅದಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸದೀಯ ಸ್ಥಾಯಿ ಸಮಿತಿಯ ವರದಿ ನೋಡಿ. ಸಂಸದರು ಕೇಳಿದ್ದಕ್ಕೆ ಇಲಾಖೆ ಕೊಟ್ಟ ಉತ್ತರ ಅದರಲ್ಲಿ ಸಿಗುತ್ತದೆ.