ಗ್ಯಾಸ್ ಗೀಸರ್ ಇರುವ ಮನೆಗೆ ಯಾವ ಅಲಾರಾಂ, ಎಲ್ಲಿ?

ಅಂಗಡಿಯಲ್ಲಿ ‘ಗ್ಯಾಸ್ ಅಲಾರಾಂ’ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಎಲ್‌ಪಿಜಿ ಸೋರಿಕೆ ಪತ್ತೆ ಮಾಡುವಂಥದ್ದು. ಗೀಸರ್ ಉಗುಳುವ ಕಾರ್ಬನ್ ಮೊನಾಕ್ಸೈಡನ್ನು ಗುರುತಿಸುವ ಕೆಲಸ ಅದರದ್ದಲ್ಲ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಾಗಾಗಿ ಡಬ್ಬದ ಮೇಲೆ ‘ಸಿಒ’ (ಕಾರ್ಬನ್ ಮೊನಾಕ್ಸೈಡ್) ಎಂಬ ಅಕ್ಷರ, ಯುರೋಪಿನ ಇಎನ್ 50291 ಅಥವಾ ಅಮೆರಿಕದ ಯುಎಲ್ 2034 ಸುರಕ್ಷತಾ ಮಾನದಂಡದ ಗುರುತು ನೋಡಿಯೇ ಕೊಳ್ಳಿ. ಹೊಗೆಗೆ ಬೇರೆ ಅಲಾರಾಂ: ಇಎನ್ 14604 ಅಥವಾ ಯುಎಲ್ 217. ಅದರಲ್ಲೂ ಬೆಳಕಿನಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಬಗೆಯದೇ ಇರಲಿ. ಹಾಸಿಗೆ, ಸೋಫಾ ಉರಿಯೇಳದೆ ಕಮರುವಾಗ ಬೇಗ ಕೂಗುತ್ತದೆ.

ಮೊದಲು ಹೊಗೆಯದನ್ನು ಹಾಕಿ. ಮಲಗುವ ಕೋಣೆಗಳಲ್ಲೂ ಅವುಗಳ ಹೊರಗಿನ ಹಾದಿಯಲ್ಲೂ ಚಾವಣಿಗೆ, ಗೋಡೆಯಿಂದ 30 ಸೆಂ.ಮೀ. ಬಿಟ್ಟು. ಫ್ಯಾನಿನ ರೆಕ್ಕೆ ತುದಿಯಿಂದ 1 ಮೀಟರ್ ಆಚೆಗಿರಲಿ, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಚದುರಿಸುತ್ತದೆ. ಒಲೆಯಿಂದ 3 ಮೀಟರ್ ಬೇಕೇ ಬೇಕು. ದಿನಾ ಒಗ್ಗರಣೆಗೆ ಕೂಗುವ ಅಲಾರಾಂನ ಬ್ಯಾಟರಿಯನ್ನು ಯಾರಾದರೂ ಕಿತ್ತಿಡುತ್ತಾರೆ. ಧೂಪ ಹಾಕುವ ದೇವರ ಕೋಣೆಯ ಪಕ್ಕವೂ ಬೇಡ. ಇಳಿಜಾರು ಚಾವಣಿಯಾದರೆ ನೆತ್ತಿಯಿಂದ 10 ಸೆಂ.ಮೀ. ಬಿಟ್ಟು, 90 ಸೆಂ.ಮೀ. ಒಳಗೆ.

ಸಿಒ ವಿಷಯಕ್ಕೆ ಬಂದರೆ, ಮೊದಲ ಕೆಲಸ ಗೀಸರನ್ನೇ ಬಚ್ಚಲಿನಿಂದ ತೆರೆದ ಬಾಲ್ಕನಿಗೋ ಯುಟಿಲಿಟಿಗೋ ಸಾಗಿಸುವುದು. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾಗಿ ಗ್ಯಾಸ್ ಅರೆಬರೆ ಉರಿಯುತ್ತದೆ. ಅಲ್ಲೇ ಸಿಒ ಹುಟ್ಟುವುದು. ಅಲಾರಾಂ ಇದೆಯೆಂದು ಗೀಸರನ್ನು ಒಳಗೇ ಬಿಡುವುದು ತಪ್ಪು. ಸಿಒ ಗಾಳಿಗಿಂತ ಕೊಂಚವೇ ಹಗುರ, ಕೋಣೆಯೆಲ್ಲ ಬೆರೆಯುತ್ತದೆ. ಆದ್ದರಿಂದ ಸಿಒ ಅಲಾರಾಂ ಅನ್ನು ಗೀಸರ್ ಪಕ್ಕದ ಕೋಣೆಯಲ್ಲಿ, ಹಬೆ ತಾಗದ ಕಡೆ, ಮಲಗಿದಾಗ ತಲೆಯಿರುವ ಮಟ್ಟಕ್ಕೆ ಹಾಕಿ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ರೂಢಿಯಿದ್ದರೆ ಅಲ್ಲಿಗೂ ಒಂದು ಬೇಕು, ಕೆಂಡ ಇಡದಿದ್ದರೆ ಇನ್ನೂ ಒಳ್ಳೆಯದು.

ಇಎನ್ 50291 ಅಲಾರಾಂ ಗಾಳಿಯಲ್ಲಿ ಸಿಒ 50 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಇದ್ದಾಗ 60ರಿಂದ 90 ನಿಮಿಷಕ್ಕೆ ಕೂಗಿದರೆ, 300 ಪಿಪಿಎಂನಲ್ಲಿ 3 ನಿಮಿಷದೊಳಗೆ ಕೂಗುತ್ತದೆ. ಊದುಬತ್ತಿ ಹಿಡಿದು ಪರೀಕ್ಷಿಸಬೇಡಿ, ಟೆಸ್ಟ್ ಗುಂಡಿ ಒತ್ತಿ.

ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಅದರ ಅಲಾರಾಂ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸಿಲಿಂಡರ್ ಇರುವ ಕೋಣೆಯಲ್ಲೇ.

ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ, ಜೇಡರಬಲೆ ಒರೆಸಿ. ಹೊಗೆ ಅಲಾರಾಂ 10 ವರ್ಷಕ್ಕೆ ಬದಲಿಸಬೇಕು, ಸಿಒದು ಹಿಂಬದಿಯಲ್ಲಿ ಮುದ್ರಿಸಿದ ದಿನಾಂಕಕ್ಕೆ.

ಸಿಒ ಅಲಾರಾಂ ಕೂಗಿದಾಗ ತಲೆನೋವು, ಓಕರಿಕೆ ಇದ್ದರೆ ಪಿತ್ತವೆಂದು ಮಲಗಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಹೋಗುತ್ತ ಗೀಸರ್ ಆರಿಸಿ, ಬಾಗಿಲು ತೆರೆದಿಡಿ, 108ಕ್ಕೆ ಕರೆ ಮಾಡಿ. ಎಲ್‌ಪಿಜಿ ಅಲಾರಾಂ ಆಗಿದ್ದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ; ಹೊರಗೆ ಬಂದ ಮೇಲೆ ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.